ನುಂಗಿದ ಮಾತ್ರೆ ರಕ್ತದಲ್ಲಿ ಸಿಗಲಿಲ್ಲ

ಕೊರೊನಾ ಮುಗಿದ ಮರುವರ್ಷದ ಮಾತು. ಆಗ ನಾನು ತಿಪಟೂರಿಗೂ ತುರುವೇಕೆರೆಗೂ ನಡುವೆ ಇರುವ ಒಂದು ಊರಿನ ಆರೋಗ್ಯ ಉಪಕೇಂದ್ರದಲ್ಲಿ ಟಿ.ಬಿ. ರೋಗಿಗಳಿಗೆ ಮಾತ್ರೆ ನುಂಗಿಸುವ ಕೆಲಸದಲ್ಲಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅದೇ ಕಟ್ಟಡದಲ್ಲಿ ಆಯಾ ಆಗಿದ್ದೆ. ಹೆರಿಗೆಗೆ ನೀರು ಕಾಯಿಸಿದ್ದೇನೆ, ಹೆಣ ತೊಳೆದಿದ್ದೇನೆ. ಓದಿದ್ದು ಮೂರನೇ ಕ್ಲಾಸು. ಅಂಕಿ ಬರುತ್ತದೆ, ಹೆಸರು ಓದಲು ಬರುತ್ತದೆ, ಮಾತ್ರೆಯನ್ನು ಬಣ್ಣ ನೋಡಿ ಹೇಳುತ್ತೇನೆ. ಆ ಕೆಲಸಕ್ಕೆ ಅಷ್ಟು ಸಾಕಿತ್ತು. ಹೆಚ್ಚು ಓದಿದವರು ಯಾರೂ ಆ ಕೆಲಸ ಕೇಳಿಕೊಂಡು ಬರಲೂ ಇಲ್ಲ.

ಟಿ.ಬಿ.ಗೆ ಆರು ತಿಂಗಳು ದಿನವೂ ಮಾತ್ರೆ ನುಂಗಬೇಕು. ಒಂದು ಮಾತ್ರೆಯೊಳಗೇ ನಾಲ್ಕು ಔಷಧಿ ಸೇರಿಸಿರುತ್ತಾರೆ. ರೋಗಿಯ ತೂಕ ನೋಡಿ ದಿನಕ್ಕೆ ಎರಡು, ಮೂರು, ನಾಲ್ಕು ಎಂದು ಕೊಡುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಕೆಮ್ಮು ತಗ್ಗಿ ಮೈ ಹಗುರವಾಗುತ್ತದೆ. ಆಗ ರೋಗಿ ವಾಸಿಯಾಯಿತು ಎಂದುಕೊಂಡು ಮಾತ್ರೆ ಬಿಡುತ್ತಾನೆ. ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ವಾಪಸ್ ಬರುತ್ತದೆ, ಮನೆಯವರಿಗೂ ಹಬ್ಬುತ್ತದೆ. ಅದಕ್ಕೇ ಯಾರಾದರೂ ಎದುರಿಗೆ ಕೂತು ನುಂಗಿಸಬೇಕು ಎಂಬುದು ನಿಯಮ. ನಮ್ಮಲ್ಲಿ ಆ ಯಾರಾದರೂ ನಾನು.

ಬೆಳಿಗ್ಗೆ ಏಳು ಗಂಟೆಗೆ ಉಪಕೇಂದ್ರದ ಬಾಗಿಲು ತೆಗೆಯುತ್ತಿದ್ದೆ. ಆ ವರ್ಷ ನನ್ನ ಹತ್ತಿರ ಬರುತ್ತಿದ್ದವರು ಒಂಬತ್ತು ಜನ. ಅಂಗೈಗೆ ಮಾತ್ರೆ, ಕೈಗೆ ಲೋಟ. ನುಂಗಿದ ಮೇಲೆ ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ, ದವಡೆಯ ಸಂದಿಯನ್ನೂ ಬ್ಯಾಟರಿ ಬಿಟ್ಟು ನೋಡುತ್ತಿದ್ದೆ. ಯಾರಿಗೂ ಇದು ಇಷ್ಟವಿರಲಿಲ್ಲ. ನನ್ನನ್ನು ಇಷ್ಟಪಡಲಿ ಎಂದು ನಾನು ಅಲ್ಲಿ ಕೂತಿರಲೂ ಇಲ್ಲ.

ಒಂಬತ್ತು ಜನರಲ್ಲಿ ಬಾಯಿ ಜೋರಿದ್ದವನು ರಾಜಣ್ಣ. ನಲವತ್ತರ ಆಸುಪಾಸು. ತೆಂಗಿನಕಾಯಿ ಮಂಡಿಯಲ್ಲಿ ಕಾಯಿ ಸುಲಿಯುವ ಕೆಲಸ. ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಕುಕ್ಕಿ, ಮೂರು ಸಲ ತಿರುವಿ ಮಟ್ಟೆ ಬಿಡಿಸುವುದು. ಆ ಕೆಲಸಕ್ಕೆ ರಟ್ಟೆಯಷ್ಟೇ ಉಸಿರೂ ಬೇಕು. ಅವನ ತೂಕ ನಲವತ್ತಾರು ಕಿಲೋ, ದಿನಕ್ಕೆ ಮೂರು ಮಾತ್ರೆ.

"ಬಾಯ್ ತೆಗಿಲಾ."

"ತೆಗ್ದಿವ್ನಲ್ಲ."

"ನಾಲ್ಗೆ ಎತ್ತು."

"ಸಂತೇಲಿ ಎತ್ತಿನ್ ಹಲ್ ನೋಡ್ದಂಗೆ ನೋಡ್ತೀಯಲ್ಲಜ್ಜಿ. ಕೊಂಡ್ಕತೀಯೇನು?"

"ನಿನ್ನ ಯಾವಳು ಕೊಂಡ್ಕತಾಳೆ. ಎತ್ತು ಅಂದೆ."

ದಿನವೂ ಇದೇ. ಮಾತ್ರೆ ದೊಡ್ಡದು, ಕಹಿ. ಬರಿ ಹೊಟ್ಟೆಗೆ ಬಿದ್ದರೆ ವಾಕರಿಕೆ ಬರುತ್ತದೆ. ಮೊದಲ ವಾರ ನಾಲ್ಕು ಜನ ಉಪಕೇಂದ್ರದ ಮೆಟ್ಟಿಲ ಮೇಲೇ ವಾಂತಿ ಮಾಡಿದರು. ತೊಳೆದವಳು ನಾನು. ನಮ್ಮ ಸೀಮೆಯಲ್ಲಿ ಕಹಿ ಕಷಾಯ ಕುಡಿಸಿದರೆ ಹಿಂದೆಯೇ ಕೊಬ್ಬರಿ ಬೆಲ್ಲ ಕೊಡುತ್ತಾರೆ. ನಾನೂ ಅದನ್ನೇ ಮಾಡಿದೆ. ಮಾರುಕಟ್ಟೆಗೆ ಹಾಕಲಾಗದ ಒಡೆದ ಕೊಬ್ಬರಿ ನಮ್ಮ ಅಟ್ಟದಲ್ಲಿ ಬೇಕಾದಷ್ಟಿತ್ತು. ಒಬ್ಬೊಬ್ಬರಿಗೆ ಅರ್ಧ ಕೊಬ್ಬರಿ, ಒಂದು ಚೂರು ಬೆಲ್ಲ. ಮೊದಲು ಸ್ವಲ್ಪ ಅಗಿದು, ನಡುವೆ ಮಾತ್ರೆ ನುಂಗಿ, ಉಳಿದದ್ದನ್ನು ಆಮೇಲೆ ತಿನ್ನುತ್ತಿದ್ದರು. ವಾಂತಿ ನಿಂತಿತು. ಒಂದು ದಿನವೂ ಯಾರೂ ತಪ್ಪಿಸಲಿಲ್ಲ. ಅದಕ್ಕೆ ನನಗೆ ಒಂದಿಷ್ಟು ಜಂಬವೂ ಇತ್ತು.

ಎರಡು ತಿಂಗಳಾದ ಮೇಲೆ ಕಫ ಪರೀಕ್ಷೆ ಮಾಡಿದರು. ಒಂಬತ್ತರಲ್ಲಿ ನಾಲ್ಕು ಜನರ ಕಫದಲ್ಲಿ ಇನ್ನೂ ರೋಗಾಣು ಇತ್ತು. ರಾಜಣ್ಣನೂ ಆ ನಾಲ್ವರಲ್ಲಿ ಒಬ್ಬ. ಔಷಧಿಗೆ ಬಗ್ಗದ ರೋಗಾಣು ಇರಬಹುದು ಎಂದು ಇನ್ನೊಂದು ಪರೀಕ್ಷೆಗೆ ಕಳಿಸಿದರು. ಹಾಗಿರಲಿಲ್ಲ. ಈ ಮಾತ್ರೆಗೆ ಸಾಯಬೇಕಾದ ರೋಗಾಣುವೇ. ಮಾತ್ರೆ ದಿನವೂ ಹೋಗುತ್ತಿದೆ ಎಂದು ನಾನು ಗುರುತು ಹಾಕುವ ರೋಗಿಯ ಕಾರ್ಡು ಹೇಳುತ್ತಿತ್ತು. ಆದರೂ ಸತ್ತಿರಲಿಲ್ಲ.

ಆಗ ಬಂದವರು ಒಬ್ಬ ಡಾಕ್ಟರಮ್ಮ. ದೊಡ್ಡ ಊರಿನ ವೈದ್ಯಕೀಯ ಕಾಲೇಜಿನವರು, ವಯಸ್ಸು ಮೂವತ್ತೈದಿರಬಹುದು. ನುಂಗಿದ ಔಷಧಿ ರಕ್ತದಲ್ಲಿ ಎಷ್ಟು ಸೇರುತ್ತದೆ ಎಂದು ಅಳೆಯುವುದು ಅವರ ಕೆಲಸ. ನಮ್ಮ ಸುತ್ತಿನ ಕೆಲವು ಉಪಕೇಂದ್ರಗಳನ್ನು ಆರಿಸಿಕೊಂಡಿದ್ದರು. ಬಂದ ದಿನ ಕುರ್ಚಿಯ ಮೇಲೆ ಕರವಸ್ತ್ರ ಹಾಸಿ ಕೂತರು. ನಾನು ಅದನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು. ಅಲ್ಲಿಂದಾಚೆಗೆ ನಮ್ಮಿಬ್ಬರಿಗೆ ಸರಿಬರಲಿಲ್ಲ.

ವಿಷಯವನ್ನು ಮಾತ್ರ ತಿಳಿಯುವ ಹಾಗೆ ಹೇಳಿದರು. ಮಾತ್ರೆ ಹೊಟ್ಟೆಗೆ ಹೋದ ಮಾತ್ರಕ್ಕೆ ಕೆಲಸ ಮಾಡುವುದಿಲ್ಲ. ಕರುಳಿನಿಂದ ರಕ್ತಕ್ಕೆ ಸೇರಬೇಕು, ರಕ್ತದಲ್ಲಿ ಒಂದು ಮಟ್ಟಕ್ಕೆ ಏರಬೇಕು, ಏರಿ ಸ್ವಲ್ಪ ಹೊತ್ತು ನಿಲ್ಲಬೇಕು. ಎಷ್ಟು ಏರಿತು, ಎಷ್ಟು ಹೊತ್ತು ಇತ್ತು, ಇವೆರಡನ್ನೂ ಸೇರಿಸಿ ಎಕ್ಸ್‌ಪೋಷರ್ ಎನ್ನುತ್ತಾರೆ. ರೋಗಾಣುವಿಗೆ ಔಷಧಿ ನಿಜವಾಗಿ ಎಷ್ಟು ತಾಗಿತು ಎಂಬ ಅಳತೆ ಅದು. ಟಿ.ಬಿ. ಮಾತ್ರೆಯಲ್ಲಿ ಮುಖ್ಯವಾದದ್ದು ರಿಫಾಂಪಿಸಿನ್. ನುಂಗಿದ ಎರಡು ಗಂಟೆಗೆ ಅದು ರಕ್ತದಲ್ಲಿ ಎಲ್ಲಕ್ಕಿಂತ ಮೇಲೆ ಇರಬೇಕು. ಅದಕ್ಕೇ ಏಳಕ್ಕೆ ನುಂಗಿದವರ ರಕ್ತವನ್ನು ಒಂಬತ್ತಕ್ಕೆ ತೆಗೆಯುತ್ತೇವೆ ಎಂದರು. ರೋಗಿಗಳು ದಿನವೂ ನುಂಗುವ ಹಾಗೆಯೇ, ನುಂಗುವ ಜಾಗದಲ್ಲೇ ನುಂಗಲಿ, ಬದಲಾಯಿಸಬೇಡಿ ಎಂದೂ ಹೇಳಿದರು.

ಒಂದು ಫಾರಂ ಕೊಟ್ಟರು. ಹೆಸರು, ಮಾತ್ರೆ ಎಷ್ಟು, ಎಷ್ಟು ಗಂಟೆಗೆ, ಖಾಲಿ ಹೊಟ್ಟೆಯೇ. ಕೊನೆಯದಕ್ಕೆ ಹೌದು, ಇಲ್ಲ ಎಂದು ಎರಡು ಚೌಕ. ಆ ದಿನ ಬೆಳಿಗ್ಗೆ ಒಬ್ಬೊಬ್ಬರನ್ನೂ ಕೇಳಿದೆ. ತಿಂಡಿ ತಿಂದಿಲ್ಲ, ಮುದ್ದೆ ಉಂಡಿಲ್ಲ, ರೊಟ್ಟಿ ಮುರಿದಿಲ್ಲ. ಒಂಬತ್ತು ಜನಕ್ಕೂ ಹೌದು ಎಂದು ಗುರುತು ಹಾಕಿದೆ.

ರಕ್ತ ತೆಗೆಯಲು ಬಂದವನು ಯೋಗೀಶ, ಚಿಕ್ಕನಾಯಕನಹಳ್ಳಿ ಕಡೆಯ ಲ್ಯಾಬ್ ಟೆಕ್ನಿಷಿಯನ್. ಅವನ ಬಸ್ಸು ಬರುತ್ತಿದ್ದದ್ದೇ ಎಂಟೂವರೆಗೆ. ಹಾಗಾಗಿ ಏಳು ಗಂಟೆಗೆ ಅಲ್ಲಿ ಏನು ನಡೆಯಿತು ಎಂಬುದಕ್ಕೆ ನನ್ನೊಬ್ಬಳದೇ ಸಾಕ್ಷಿ. ಅವನು ಒಂಬತ್ತಕ್ಕೆ ಸರಿಯಾಗಿ ಸೂಜಿ ಚುಚ್ಚಿ, ರಕ್ತವನ್ನು ಸಣ್ಣ ಯಂತ್ರದಲ್ಲಿ ಗಿರಗಿರ ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಬೇರೆ ಮಾಡಿ, ಬೆಳಕು ತಾಗದಂತೆ ಬೆಳ್ಳಿ ಹಾಳೆ ಸುತ್ತಿ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದ. ಬೆಳಕಿಗೂ ಬಿಸಿಗೂ ಆ ಔಷಧಿ ಕೆಡುತ್ತದಂತೆ.

ಮೂರು ವಾರಕ್ಕೆ ಡಾಕ್ಟರಮ್ಮ ವಾಪಸ್ ಬಂದರು. ಈ ಸಲ ಕೂರಲಿಲ್ಲ.

"ನಿಂಗಮ್ಮನವರೇ, ನೇರವಾಗಿ ಕೇಳ್ತೀನಿ. ಮಾತ್ರೆ ಕೊಡ್ತಿದ್ರಾ, ಬರೀ ಟಿಕ್ ಹಾಕ್ತಿದ್ರಾ?"

"ಯಾಕ್ ಮೇಡಮ್ ಹಿಂಗ್ ಕೇಳ್ತೀರಿ?"

"ಒಂಬತ್ತು ಜನರಲ್ಲಿ ಒಬ್ಬರ ರಕ್ತದಲ್ಲೂ ಇರಬೇಕಾದಷ್ಟು ಔಷಧಿ ಇಲ್ಲ. ಕೆಲವರಲ್ಲಿ ಅರ್ಧಕ್ಕಿಂತ ಕಡಿಮೆ. ಬೇರೆ ಉಪಕೇಂದ್ರದಲ್ಲಿ ಒಬ್ಬಿಬ್ಬರದು ಹೀಗಿದೆ. ನಿಮ್ಮಲ್ಲಿ ಎಲ್ಲರದೂ."

"ನಾನ್ ಕೊಟ್ಟಿವ್ನಿ. ಒಂದೊಂದ್ ಬಾಯೂ ತೆಗ್ಸಿ ನೋಡಿವ್ನಿ."

"ರಕ್ತ ಸುಳ್ಳು ಹೇಳಲ್ಲ."

"ಹಂಗಾರೆ ನಾನ್ ಹೇಳ್ತೀನಾ?"

"ಅದನ್ನ ನೀವೇ ಹೇಳಬೇಕು."

ನನಗೆ ಮೈ ಉರಿಯಿತು. ಈ ಮಾತ್ರೆ ನುಂಗಿದರೆ ಮೂತ್ರ ಕೆಂಪಗೆ ಬರುತ್ತದೆ. ನುಂಗದೆ ಮೋಸ ಮಾಡುವವರನ್ನು ಹಿಡಿಯಲು ನಾವು ನೋಡುತ್ತಿದ್ದದ್ದೇ ಅದು. "ಹೋಗಿ ಅವ್ರ್ ಉಚ್ಚೆ ನೋಡ್ರಿ, ಕುಂಕುಮ ಕದಡ್ದಂಗೈತೆ" ಎಂದೆ. ಅವರು ಮುಖ ಕಿವುಚಲಿಲ್ಲ. ಒಂದೇ ಮಾತ್ರೆ ನುಂಗಿದರೂ ಕೆಂಪಾಗುತ್ತದೆ, ಬಣ್ಣ ಲೆಕ್ಕ ಹೇಳುವುದಿಲ್ಲ ಎಂದರು. ನನ್ನ ಹತ್ತಿರ ಇದ್ದ ಒಂದು ಸಾಕ್ಷಿಯೂ ಹೋಯಿತು.

ಅವರು ಅಲ್ಲಿಗೇ ಬಿಡಲಿಲ್ಲ. ಒಂಬತ್ತು ಜನರನ್ನೂ ಒಂದು ಬೆಳಿಗ್ಗೆ ವ್ಯಾನಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆಸಿಕೊಂಡರು. ಅದೇ ಮಾತ್ರೆ, ಅಷ್ಟೇ ಮಾತ್ರೆ, ತಮ್ಮ ಕೈಯಾರೆ ಕೊಟ್ಟರು. ನನ್ನನ್ನು ಕರೆಯಲಿಲ್ಲ. ಈ ಸಲ ಒಂದೇ ಸಲವಲ್ಲ, ನುಂಗುವ ಮೊದಲು, ನುಂಗಿದ ಎರಡು ಗಂಟೆಗೆ, ನಾಲ್ಕು ಗಂಟೆಗೆ, ಆರು ಗಂಟೆಗೆ, ನಾಲ್ಕು ಸಲ ರಕ್ತ ತೆಗೆದರು. ಅದರ ಫಲಿತಾಂಶ ಬಂದಾಗ ಒಬ್ಬರನ್ನು ಬಿಟ್ಟು ಉಳಿದವರ ರಕ್ತದಲ್ಲಿ ಔಷಧಿ ಸರಿಯಾಗಿ ಏರಿತ್ತು. ಆ ಒಬ್ಬ ಅಲ್ಲಿ ಕಾಫಿ ಕುಡಿದಿದ್ದ ಎಂದು ಅವನ ರಕ್ತವನ್ನೇ ತೆಗೆದಿರಲಿಲ್ಲ.

ಅಂದರೆ ಅವರು ಕೊಟ್ಟರೆ ಸೇರುತ್ತದೆ, ನಾನು ಕೊಟ್ಟರೆ ಸೇರುವುದಿಲ್ಲ. ಇದಕ್ಕಿಂತ ಹೆಚ್ಚು ಏನು ಬೇಕು? ನಾನೇ ಆ ಡಾಕ್ಟರ ಜಾಗದಲ್ಲಿದ್ದರೂ ನಿಂಗಮ್ಮ ಕಳ್ಳಿ ಎಂದೇ ಹೇಳುತ್ತಿದ್ದೆ.

ಉಪಕೇಂದ್ರದ ಜಗಲಿಯಲ್ಲಿ ಎಲ್ಲರ ಎದುರಿಗೇ ವಿಚಾರಣೆಯಾಯಿತು. ಡಾಕ್ಟರಮ್ಮ ರಾಜಣ್ಣನನ್ನು ಕೇಳಿದರು. "ಆಸ್ಪತ್ರೆಯಲ್ಲಿ ನಿಮ್ಮ ರಕ್ತ ಸರಿಯಾಗಿದೆ. ಇಲ್ಲಿ ಯಾಕೆ ಇರಲಿಲ್ಲ? ನುಂಗ್ತಿದ್ರೋ ಇಲ್ವೋ? ನುಂಗದವರಿಗೆ ಬೇರೆ ದಾರಿ ಇದೆ. ದೂರದ ಆಸ್ಪತ್ರೆಗೆ ಸೇರಿಸಿ ತಿಂಗಳುಗಟ್ಟಲೆ ಇಟ್ಕೋಬೇಕಾಗುತ್ತೆ."

ರಾಜಣ್ಣ ನನ್ನ ಮುಖ ನೋಡಲಿಲ್ಲ. "ಕೊಟ್ಟಿದ್ನೆಲ್ಲಾ ನಾನ್ ನುಂಗ್ತಿದ್ದೆ ಕಣ್ರೀ. ಅವ್ಳು ಮೂರು ಅಂತ ಬರ್ಕಳ್ಳೋಳು, ಎಲ್ಡ್ ಕೊಡೋಳು."

"ಲೇ ರಾಜ! ಎಲ್ಡ್ ಕೊಟ್ನೇನ್ಲಾ ನಾನು?"

"ನಾನೇನ್ ಎಣಿಸ್ಕಂಡ್ ಕುಂತಿದ್ನಾ? ಎಲ್ಡೇ ಇರ್ಬೇಕು."

ಉಳಿದ ಎಂಟು ಜನರಲ್ಲಿ ಒಬ್ಬರೂ ಇಲ್ಲ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಎರಡು ತಿಂಗಳು ದಿನವೂ ಅವರ ಬಾಯಿಗೆ ಬ್ಯಾಟರಿ ಬಿಟ್ಟವಳು ನಾನು. ಆ ಸೇಡು ಅವತ್ತು ತೀರಿತು. ಡಾಕ್ಟರಮ್ಮ ಕೈ ಚಾಚಿದರು. ಮಾತ್ರೆಯ ಬೀರುವಿನ ಬೀಗದ ಕೈಯನ್ನು ಸೆರಗಿನಿಂದ ಬಿಚ್ಚಿ ಕೊಟ್ಟೆ. ತಾಲ್ಲೂಕಿನ ಅಧಿಕಾರಿಗೆ ವರದಿ ಹೋಗುವವರೆಗೆ ನೀವು ಮನೆಯಲ್ಲಿರಿ, ಮಾತ್ರೆಯನ್ನು ಉಪಕೇಂದ್ರದ ಸಿಸ್ಟರ್ ಕೊಡುತ್ತಾರೆ ಎಂದರು. ವರದಿ ಬರೆದರೆ ಅದರಲ್ಲಿ ಏನಿರುತ್ತದೆ ಎಂದು ಕೇಳುವ ಅಗತ್ಯವಿರಲಿಲ್ಲ. ಇಪ್ಪತ್ತೆರಡು ವರ್ಷ ಆಯಾ ಕೆಲಸ, ಆಮೇಲೆ ಇದು, ಎಲ್ಲದರ ಮೇಲೂ ಸುಳ್ಳು ಬರೆದವಳು ಎಂಬ ಮಾತು ಕೂರುತ್ತಿತ್ತು.

ಸಂಜೆ ರಾಜಣ್ಣನನ್ನು ಮಂಡಿಯ ಹತ್ತಿರ ಹಿಡಿದೆ. ಮಟ್ಟೆಯ ರಾಶಿಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ.

"ಯಾಕ್ಲಾ ಸುಳ್ ಹೇಳ್ದೆ?"

"ಇನ್ನೇನ್ ಮಾಡ್ಲಜ್ಜಿ? ದೂರದ್ ಆಸ್ಪತ್ರೆಗೆ ಹಾಕ್ತೀನಿ ಅಂತವ್ಳೆ. ನಿಂಗ್ ಕೆಲ್ಸ ಹೋದ್ರೆ ಮನೇಲ್ ಕುಂತ್ಕತೀಯ. ನಾನ್ ಅಲ್ಲೋಗಿ ಆರ್ ತಿಂಗ್ಳು ಮಲಗಿದ್ರೆ ನನ್ ಎಡ್ತಿ ಮಕ್ಳು ಏನ್ ಮಾಡ್ತಾವೆ?"

"ಅದಕ್ಕೆ ನನ್ ತಲೆ ಮೇಲೆ ಎತ್ತಾಕ್ದಾ?"

"ಯಾರ್ ತಲೆ ಮೇಲಾದ್ರೂ ಹಾಕ್ಬೇಕಾಗಿತ್ತು. ನೀನ್ ಅಲ್ಲೇ ಇದ್ದೆ."

ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಅದರಿಂದ ನನ್ನ ಸಿಟ್ಟು ಕಡಿಮೆಯಾಗಲಿಲ್ಲ. ಮಟ್ಟೆಯೊಂದನ್ನು ಎತ್ತಿ ಅವನ ಕಡೆ ಎಸೆದು ಬಂದೆ. ತಾಗಲಿಲ್ಲ.

ನಾಲ್ಕು ದಿನ ಮನೆಯಲ್ಲಿ ಕೂತೆ. ನಿಂಗಮ್ಮ ಮಾತ್ರೆಗಳನ್ನು ತಿಪ್ಪೆಗೆ ಸುರಿಯುತ್ತಿದ್ದಳು ಎಂದು ಬಸ್ ಸ್ಟ್ಯಾಂಡಿನಲ್ಲಿ ಮಾತಾಗುತ್ತಿತ್ತು. ನಾನು ಮಾತ್ರ ಒಂದೇ ಲೆಕ್ಕ ಹಾಕುತ್ತಿದ್ದೆ. ಮಾತ್ರೆ ಅದೇ. ಜನ ಅವರೇ. ರಕ್ತ ತೆಗೆದವನು ಅವನೇ. ನಾನು ಮೂರು ಕೊಟ್ಟದ್ದು ನನಗೆ ಗೊತ್ತು. ಹಾಗಾದರೆ ಅಲ್ಲಿ ಇದ್ದು ಇಲ್ಲಿ ಇಲ್ಲದ್ದು ಏನು? ಇಲ್ಲಿ ಇದ್ದು ಅಲ್ಲಿ ಇಲ್ಲದ್ದು ಏನು?

ಐದನೇ ದಿನ ಯೋಗೀಶ ಉಪಕೇಂದ್ರದಲ್ಲಿ ಉಳಿದಿದ್ದ ತನ್ನ ಸಾಮಾನು ಒಯ್ಯಲು ಬಂದಿದ್ದ. ಕರೆದು ನಿಲ್ಲಿಸಿದೆ. ಆಸ್ಪತ್ರೆಯಲ್ಲಿ ಅವತ್ತು ಏನೇನು ಕೊಟ್ಟಿರಿ, ಒಂದೂ ಬಿಡದೆ ಹೇಳು ಎಂದೆ.

"ಏನೂ ಇಲ್ಲ ಕಣಜ್ಜಿ. ಮಾತ್ರೆ, ನೀರು. ಎರಡ್ ಗಂಟೆ ಆದ್ಮೇಲೆ ಇಡ್ಲಿ. ರಾಜಣ್ಣ ಬಾಯೆಲ್ಲಾ ಕಹಿ ಅಂತ ಬೈಕೊಂಡು ಓಡಾಡ್ತಿದ್ದ. ಇಬ್ರಿಗೆ ವಾಂತಿ ಬಂದಂಗಾಗಿತ್ತು, ತಡ್ಕೊಂಡ್ರು."

"ಕಾಫಿ ಕುಡ್ದ ಅಂತ ಒಬ್ಬುನ್ನ ವಾಪಸ್ ಕಳ್ಸುದ್ರಂತೆ. ಕಾಫಿನೂ ಊಟನೇನೋ?"

"ಹಾಲಿರುತ್ತಲ್ಲ. ಬಾಯಿಗೆ ಏನ್ ಹೋದ್ರೂ ಲೆಕ್ಕನೇ. ಅದ್ರಲ್ಲೂ ಜಿಡ್ಡು ಇರೋದು ತಿಂದ್ರೆ ಈ ಔಷಧಿ ರಕ್ತಕ್ಕೆ ಸೇರೋದೇ ತಡ ಆಗುತ್ತೆ, ಕಡಿಮೆನೂ ಸೇರುತ್ತೆ."

ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ನಾನು ಅಲ್ಲೇ ಕೂತೆ. ಕೊಬ್ಬರಿಯಲ್ಲಿ ಜಿಡ್ಡಿದೆಯೇ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಎಣ್ಣೆಯನ್ನೇ ತಲೆಗೆ ಹಚ್ಚಿಕೊಂಡು ಬೆಳೆದವಳು ನಾನು. ಅರ್ಧ ಕೊಬ್ಬರಿಯನ್ನು ಗಾಣಕ್ಕೆ ಹಾಕಿದರೆ ಎಷ್ಟು ಎಣ್ಣೆ ಇಳಿಯುತ್ತದೆ ಎಂದು ಅಂಗೈ ಬಗ್ಗಿಸಿ ತೋರಿಸಬಲ್ಲೆ. ಅಷ್ಟು ಎಣ್ಣೆಯನ್ನು ದಿನವೂ, ಮಾತ್ರೆಯ ಹಿಂದೂ ಮುಂದೂ, ಒಂಬತ್ತು ಹೊಟ್ಟೆಗೆ ನಾನೇ ಕಳಿಸಿದ್ದೆ. ಕಳಿಸಿ, ಖಾಲಿ ಹೊಟ್ಟೆ ಎಂದು ಗುರುತು ಹಾಕಿದ್ದೆ. ಕೊಬ್ಬರಿ ತಿಂದವನನ್ನು ಊಟವಾಯಿತೇ ಎಂದು ಕೇಳಿದರೆ ನಮ್ಮ ಕಡೆ ಇಲ್ಲ ಎಂದೇ ಹೇಳುತ್ತಾನೆ. ನಾನೂ ಹಾಗೆಯೇ ಹೇಳಿದ್ದೆ.

ಆಮೇಲೆ ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ. ಹೇಳದಿದ್ದರೆ ಕಳ್ಳಿ. ಹೇಳಿದರೆ ಕಳ್ಳಿಯಲ್ಲ, ಆದರೆ ಒಂಬತ್ತು ಜನರ ಔಷಧಿಯನ್ನು ಕೈಯಾರೆ ಕೆಡಿಸಿದ ದಡ್ಡಿ. ಕಳ್ಳಿ ಎಂದರೆ ನಾನು ಎದುರು ನಿಂತು ಜಗಳವಾಡಬಹುದಿತ್ತು, ಯಾಕೆಂದರೆ ಅದು ಸುಳ್ಳು. ಇದಕ್ಕೆ ಜಗಳವಿರಲಿಲ್ಲ. ಕೊನೆಗೆ ನನ್ನನ್ನು ಹೊರಡಿಸಿದ್ದು ಧರ್ಮವೇನಲ್ಲ, ಸಿಸ್ಟರ್ ಹೇಳಿದ ಒಂದು ಮಾತು. ಮಾತ್ರೆಗೆ ಬಂದವರು ಕಹಿ ಎಂದು ಗಲಾಟೆ ಮಾಡುತ್ತಾರೆ, ಈಗ ಮನೆಯಿಂದಲೇ ಕೊಬ್ಬರಿ ತರುತ್ತಾರೆ ಎಂದಳು. ನಾನು ಹಾಕಿಕೊಟ್ಟ ಚಾಳಿ ನಾನಿಲ್ಲದೆಯೂ ನಡೆಯುತ್ತಿತ್ತು.

ಮಾರನೆಯ ದಿನ ಮೊದಲ ಬಸ್ಸಿಗೆ ಪಟ್ಟಣಕ್ಕೆ ಹೋದೆ. ಡಾಕ್ಟರಮ್ಮ ಕಂಪ್ಯೂಟರ್ ನೋಡುತ್ತಿದ್ದರು. ನಿಂತೇ ಹೇಳಿದೆ.

"ಎರಡು ತಿಂಗಳು? ಒಂಬತ್ತು ಜನಕ್ಕೂ?"

"ಹೂಂ."

"ಮತ್ತೆ ಫಾರಂನಲ್ಲಿ ಖಾಲಿ ಹೊಟ್ಟೆ ಅಂತ ಯಾಕೆ ಹಾಕಿದ್ರಿ?"

"ಕೊಬ್ರಿನ ಊಟ ಅಂತ ನಮ್ ಕಡೆ ಯಾರೂ ಅನ್ನಲ್ಲ."

"ವರದಿ ಕಳಿಸ್ತೀನಿ ಅಂದ ಮೇಲೆ ಇದು ನೆನಪಾಯ್ತಾ? ಚೆನ್ನಾಗಿದೆ ನೆಪ."

"ನೆಪನೋ ನಿಜನೋ ನೋಡ್ಕಳ್ಳಿ. ನಿಮ್ ಕಣ್ಮುಂದೆನೇ ಕೊಬ್ರಿ ತಿನ್ಸಿ, ನಿಮ್ ಕೈಲೇ ಮಾತ್ರೆ ಕೊಡಿ, ನಿಮ್ ಕೈಲೇ ರಕ್ತ ತೆಗೀರಿ. ನಾನ್ ಕಾಂಪೌಂಡ್ ಒಳ್ಗೂ ಬರಲ್ಲ. ರಕ್ತ ಸುಳ್ ಹೇಳಲ್ಲ ಅಂದ್ರಲ್ಲ."

ಡಾಕ್ಟರಮ್ಮ ನನ್ನ ಮಾತನ್ನು ಬರೆದುಕೊಂಡರು. ನಂಬಿದರೆಂದು ನಾನು ಹೇಳುವುದಿಲ್ಲ. ಆದರೆ ಅಳೆಯದೆ ಬಿಡುವವರಲ್ಲ. ಅಷ್ಟರ ಮಟ್ಟಿಗೆ ಅವರನ್ನು ಒಪ್ಪುತ್ತೇನೆ. ಕಾಲೇಜಿನಿಂದ ಅದಕ್ಕೆ ಬೇಕಾದ ಒಪ್ಪಿಗೆ ತರಿಸಿದರು. ನುಂಗುವವರೂ ಒಪ್ಪಿ ಸಹಿ ಹಾಕಬೇಕಿತ್ತು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಯೋಗೀಶ ರಾಜಣ್ಣನನ್ನು ಕೇಳಿದ.

"ನಾನೇನ್ ಇಲೀನಾ, ಪ್ರಯೋಗ ಮಾಡಕ್ಕೆ?"

"ನೀನ್ ದಿನಾ ತಿಂತಿದ್ದದ್ದನ್ನೇ ಒಂದು ದಿನ ಅಲ್ಲಿ ತಿನ್ನು ಅಂತಾರೆ ಅಷ್ಟೇ. ನುಂಗದವನು ಅಂತ ನಿನ್ನ ಹೆಸರಿನ ಮುಂದೆ ಇನ್ನೂ ಪ್ರಶ್ನೆ ಗುರುತು ಇದೆ. ಅದು ಹೋಗೋದು ಬೇಡ್ವಾ?"

"ಕೊಬ್ರಿ ತಿನ್ನಕ್ಕೂ ಸೈನ್ ಹಾಕ್ಬೇಕು, ಅಂತಾ ಕಾಲ ಬಂತು ಬುಡು" ಎಂದು ರಾಜಣ್ಣ ಹಾಕಿದ. ಅವನ ಹಿಂದೆ ಇನ್ನಿಬ್ಬರು ಹಾಕಿದರು.

ಹದಿನೆಂಟು ದಿನ ಕಾದೆ. ಬರಹೇಳಿದಾಗ ಹೋದೆ. ಡಾಕ್ಟರಮ್ಮ ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ರಾಜಣ್ಣನದೇ ಎರಡು ಗೆರೆ. ಬರೀ ನೀರಿನಲ್ಲಿ ನುಂಗಿದ ದಿನದ್ದು ಗುಡ್ಡದ ಹಾಗೆ ಎದ್ದು ಎರಡು ಗಂಟೆಗೆ ನೆತ್ತಿ ಮುಟ್ಟಿ ಇಳಿದಿತ್ತು. ಕೊಬ್ಬರಿ ತಿಂದ ದಿನದ್ದು ಎರಡು ಗಂಟೆಗೆ ನೆಲದಲ್ಲೇ ಇತ್ತು. ನಾಲ್ಕಕ್ಕೆ ಒಂದಿಷ್ಟು ಎದ್ದು, ಆರಕ್ಕೆ ಇನ್ನೊಂದಿಷ್ಟು ಎದ್ದು, ತಿಪ್ಪೆಯ ಹಾಗೆ ಹರಡಿಕೊಂಡಿತ್ತು. ಗೆರೆಯ ಕೆಳಗಿನ ಜಾಗವೇ ಎಕ್ಸ್‌ಪೋಷರ್ ಎಂದು ಬೆರಳಿಟ್ಟು ತೋರಿಸಿದರು. ಎರಡೂ ದಿನ ಮೂರೇ ಮಾತ್ರೆ. ಎರಡನೆಯ ಜಾಗ ಮೊದಲನೆಯದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಉಳಿದ ಇಬ್ಬರದೂ ಇದೇ ರೀತಿ.

"ನುಂಗಿಸಿದ್ದು ನಿಜ" ಎಂದರು. "ಖಾಲಿ ಹೊಟ್ಟೆ ಅನ್ನೋದು ಸುಳ್ಳು. ವರದಿಯಲ್ಲಿ ಎರಡನ್ನೂ ಬರೀತೀನಿ."

"ಬರ್ಕಳ್ಳಿ. ಆ ನಾಕ್ ಜನಕ್ಕೆ ಕಫ ತಿಳಿಯಾಗ್ದೆ ಇದ್ದದ್ದು ಇದ್ರಿಂದ್ಲೇನಾ?"

"ಇದರಿಂದಲೇ ಅಂತ ಹೇಳಕ್ಕಾಗಲ್ಲ. ಇದರಿಂದ ಅಲ್ಲ ಅಂತಲೂ ಹೇಳಕ್ಕಾಗಲ್ಲ."

ಬೀಗದ ಕೈ ಮೇಜಿನ ಮೇಲಿಟ್ಟರು. ಕೈಗೆ ಕೊಡಲಿಲ್ಲ. ನಿಮ್ಮನ್ನು ತಪ್ಪು ತಿಳಿದೆ ಎಂದು ಹೇಳಲಿಲ್ಲ. ಮೊದಲ ಸಲವೇ ಎರಡು ಗಂಟೆಯ ಜೊತೆ ಆರು ಗಂಟೆಯ ರಕ್ತವನ್ನೂ ತೆಗೆದಿದ್ದರೆ ಔಷಧಿ ಒಳಗೆ ಹೋಗಿದೆ, ತಡವಾಗಿ ಏರುತ್ತಿದೆ ಎಂದು ಅವತ್ತೇ ಗೊತ್ತಾಗುತ್ತಿತ್ತು, ಅದು ತಮ್ಮ ತಪ್ಪು ಎಂದು ಅವರು ಆಮೇಲೆ ಒಪ್ಪಿಕೊಂಡರಂತೆ. ಒಪ್ಪಿಕೊಂಡದ್ದು ಯೋಗೀಶನ ಹತ್ತಿರ. ನನ್ನ ಹತ್ತಿರ ಒಪ್ಪಿಕೊಳ್ಳಬೇಕಾಗಿತ್ತು.

ಕೆಲಸಕ್ಕೆ ವಾಪಸ್ ಹೋದ ಬೆಳಿಗ್ಗೆ ಒಂಬತ್ತು ಜನರಿಗೂ ನಡೆದದ್ದು ಹೇಳಿದೆ. ಡಾಕ್ಟರು ಹೇಳಲಿ ಎಂದು ಬಿಡಬಹುದಿತ್ತು. ಅವರು ಹೇಳಿದರೆ ಇಂಗ್ಲಿಷಿನಲ್ಲಿ ಅರ್ಧ ಹೋಗುತ್ತಿತ್ತು. ನಾನು ಕೊಟ್ಟ ಕೊಬ್ಬರಿಯಿಂದ ನಿಮಗೆ ಔಷಧಿ ಸರಿಯಾಗಿ ಹತ್ತಲಿಲ್ಲ, ಇನ್ನು ಮೇಲೆ ಮಾತ್ರೆ, ನೀರು ಎರಡೇ, ಮನೆಯಿಂದ ಏನಾದರೂ ತಿಂದು ಬಂದರೆ ವಾಪಸ್ ಕಳಿಸುತ್ತೇನೆ ಎಂದೆ. ಒಬ್ಬಳು ಮಣ್ಣು ತೂರಿ ಶಾಪ ಹಾಕಿದಳು. ಒಬ್ಬ ಮಾತ್ರೆ ನುಂಗದೆ ಎದ್ದು ಹೋದ. ಮಾರನೆಯ ದಿನ ಬಂದ. ಮೆಟ್ಟಿಲ ಮೇಲೆ ಮತ್ತೆ ವಾಂತಿ ಶುರುವಾಯಿತು. ಮತ್ತೆ ತೊಳೆದೆ. ತೀರಾ ತಡೆಯಲಾಗದವರಿಗೆ ಏನು ಕೊಡಬಹುದು, ಎಷ್ಟು ಹೊತ್ತಿಗೆ ಕೊಡಬಹುದು ಎಂದು ಈ ಸಲ ಡಾಕ್ಟರನ್ನೇ ಕೇಳಿ ಕೊಟ್ಟೆ.

ಫಾರಂ ಕೂಡ ಬದಲಾಯಿತು. ಖಾಲಿ ಹೊಟ್ಟೆಯೇ ಎಂಬ ಪ್ರಶ್ನೆ ತೆಗೆದು, ಎದ್ದಾಗಿನಿಂದ ಬಾಯಿಗೆ ಹಾಕಿಕೊಂಡದ್ದು ಏನೇನು ಎಂದು ಬರೆಯಲು ಜಾಗ ಬಿಟ್ಟರು. ಎಲೆ ಅಡಿಕೆ, ಹೊಗೆಸೊಪ್ಪು, ಎಳನೀರು, ಮಜ್ಜಿಗೆ, ಎಲ್ಲವನ್ನೂ ಬರೆಯುತ್ತಿದ್ದೆ. ನನ್ನ ಅಕ್ಷರ ನೋಡಿ ಯೋಗೀಶ ನಗುತ್ತಿದ್ದ. ನಗಲಿ.

ರಾಜಣ್ಣನಿಗೆ ಆರು ತಿಂಗಳಿಗೆ ಮುಗಿಯಲಿಲ್ಲ. ಮಾತ್ರೆಯನ್ನು ಮುಂದುವರಿಸಿದರು. ಕಫ ತಿಳಿಯಾಯಿತು, ಕಾರ್ಡಿನ ಮೇಲೆ ವಾಸಿಯಾಗಿದೆ ಎಂದು ಮುದ್ರೆ ಬಿತ್ತು. ಆದರೆ ಅಷ್ಟು ಹೊತ್ತಿಗೆ ಒಂದು ಕಡೆಯ ಶ್ವಾಸಕೋಶ ಸುಕ್ಕಿಕೊಂಡಿತ್ತು. ಮೊನೆಗೆ ಹತ್ತು ಕಾಯಿ ಕುಕ್ಕುವಷ್ಟರಲ್ಲಿ ಉಸಿರು ನಿಲ್ಲುತ್ತಿತ್ತು. ಈಗ ಮಂಡಿಯಲ್ಲಿ ಚೀಲ ಹೊಲಿಯುವ ಕೆಲಸ ಮಾಡುತ್ತಾನೆ.

ಕಾರ್ಡಿಗೆ ಮುದ್ರೆ ಬಿದ್ದ ದಿನ ಅವನು ಜಗಲಿಯಿಂದ ಎದ್ದು ಹೋಗಲಿಲ್ಲ. ನಾನು ಬೀರುವಿಗೆ ಬೀಗ ಹಾಕುತ್ತಿದ್ದೆ. ಎರಡು ಕೊಟ್ಟೆ ಎಂದು ಹೇಳಿದ್ದು ಸುಳ್ಳು ಎಂದು ಇವತ್ತಾದರೂ ಒಪ್ಪಿಕೋ ಎಂದು ಕೇಳಿದೆ.

"ಒಪ್ಕತೀನಿ ಕಣಜ್ಜಿ, ಸುಳ್ಳೇ" ಎಂದ. "ನೀನ್ ದಿನಾ ಮೂರೇ ಕೊಟ್ಟೆ. ಡಾಕ್ಟ್ರಮ್ಮ ನಂಗೂ ಆ ಗೆರೆ ತೋರ್ಸುದ್ಲು. ಮೂರ್ ನುಂಗಿದ್ರೂ ಎಲ್ಡ್ರಷ್ಟೂ ಸೇರಿಲ್ಲ ಅಂದ್ಲು. ನಾನ್ ಸುಳ್ ಹೇಳ್ದೆ, ನನ್ ರಕ್ತದಾಗೆ ಅದೇ ನಿಜ ಆಗಿತ್ತು. ಈಗ್ ಹೇಳು, ನಿನ್ ಮೂರ್ನ ನಾನ್ ಎಲ್ ಇಟ್ಕಳ್ಲಿ?"

ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡೆ. ಅವನು ಕಾರ್ಡನ್ನು ಮಡಿಸಿ ಜೇಬಿಗಿಟ್ಟುಕೊಂಡು, ಎರಡು ಸಲ ನಿಂತು ಉಸಿರು ತೆಗೆದುಕೊಂಡು, ರಸ್ತೆಗೆ ಹೋದ.

ಆ ಕೆಲಸವನ್ನು ನಾನು ಇನ್ನೂ ಎರಡು ವರ್ಷ ಮಾಡಿದೆ. ಅದು ನನಗೆ ಕಲಿಸಿದ್ದು ಇಷ್ಟೇ. ಕೊಟ್ಟದ್ದನ್ನು ಎಣಿಸುವುದು ಸುಲಭ, ಅದನ್ನು ಎಣಿಸಿ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ರೋಗಿ ಬಾಯಿಗೆ ಹಾಕಿಕೊಂಡದ್ದರಲ್ಲಿ ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆರಿಸುವುದು ನನ್ನ ಕೆಲಸವಾಗಿರಲಿಲ್ಲ. ನಾನು ಆರಿಸಿದೆ, ರಾಜಣ್ಣ ಅರ್ಧ ಉಸಿರು ಕಳೆದುಕೊಂಡ. ಇದರಿಂದಲೇ ಎಂದು ಹೇಳಲಾಗದು ಎಂಬ ಡಾಕ್ಟರ ಮಾತನ್ನು ಹಿಡಿದುಕೊಂಡು ನಾನು ಬದುಕಬಹುದು. ಹಿಡಿದುಕೊಂಡಿಲ್ಲ.